ಹದಿನೇಳನೇ ನಂಬರಿನ ಬುರುಡೆ

ಯುದ್ಧ ಶುರುವಾಗುವ ಮುಂಚೆ ಟಿಕೆಟ್ಟಣ್ಣ ಬಂದರಿನ ದೋಣಿಕಟ್ಟೆಯಲ್ಲಿ ಕೂತು ಇಪ್ಪತ್ತು ವರ್ಷ ಟಿಕೆಟ್ಟುಗಳಿಗೆ ತೂತು ಹಾಕಿದ್ದ. ಯುದ್ಧ ಶುರುವಾದ ಮೇಲೆ ಸರ್ಕಾರದವರು, ನೀರಿನ ಹತ್ತಿರ ಇಷ್ಟು ವರ್ಷ ಕೂತವನಿಗೆ ನೀರಿನ ಮೇಲಿನ ಕೆಲಸ ಗೊತ್ತಿರಲೇಬೇಕೆಂದು ತಾವೇ ತೀರ್ಮಾನಿಸಿ ಅವನನ್ನು ಬಂದರು ಕಾವಲು ದಳಕ್ಕೆ ಸೇರಿಸಿಕೊಂಡರು. ದೋಣಿ ಅಲುಗಾಡಿದರೆ ತನಗೆ ವಾಂತಿ ಬರುತ್ತದೆಂದು ಅವನು ಹೇಳಿ ನೋಡಿದ. ಅರ್ಜಿಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ಅವತ್ತಿನ ಪೇಚಾಟಕ್ಕೆಲ್ಲ ಕಾರಣವಾದದ್ದು ಒಂದು ಬಕೆಟ್ ಬಿಸಿನೀರು. ಹನ್ನೊಂದು ಗಂಟೆಗೆ ಅಡ್ಮಿರಲ್ ಸಾಹೇಬರು ಕಾವಲು ದಳದ ತಪಾಸಣೆಗೆ ಬರುವವರಿದ್ದರು. ಗಂಡ ಶುಭ್ರವಾಗಿ ಕಾಣಲೆಂದು ಹೆಂಡತಿ ಹಿಂದಿನ ದಿನವೇ ಅವನ ಕೋಟನ್ನು ಕುದಿಯುವ ನೀರಿಗೆ ಅದ್ದಿ, ಕಲ್ಲಿಗೆ ಬಡಿದು, ಹಗ್ಗಕ್ಕೆ ನೇತುಹಾಕಿದ್ದಳು. ಬೆಳಿಗ್ಗೆ ತೆಗೆದು ತಂದವಳು ಬಾಗಿಲಲ್ಲೇ ನಿಂತಳು.

"ರೀ, ಕೋಟೇನೋ ಹಾಲಿನ ಹಾಗೆ ಬೆಳ್ಳಗಾಗಿದೆ."

"ಸರಿ, ಕೊಡು ಮತ್ತೆ."

"ಆದ್ರೆ ತೋಳಿನ ಮೇಲೆ ಇತ್ತಲ್ಲ, ಬಿಲ್ಲೆ... ಅದು ಯಾಕೋ ಒಂಚೂರು ಮುದುಡಿಕೊಂಡಿದೆ."

ಟಿಕೆಟ್ಟಣ್ಣ ನೋಡಿದ. ಕಾವಲು ದಳದ ಬಟ್ಟೆಯ ಬಿಲ್ಲೆಯೆಂದರೆ ಕೆಳಗೊಂದು ಲಂಗರು, ಅದರ ಮೇಲೆ ಸುತ್ತಲೂ ಕಿರಣ ಬೀರುವ ದೀಪ. ಈಗ ದೀಪದ ಬಣ್ಣ ಲಂಗರಿಗೂ ಲಂಗರಿನ ಬಣ್ಣ ದೀಪಕ್ಕೂ ಹರಿದು, ಎರಡೂ ಸೇರಿ ಮಳೆಯಲ್ಲಿ ನೆನೆದ ಬಾವಲಿಯಂತೆ ಕಾಣುತ್ತಿದ್ದವು.

"ಅಯ್ಯೋ ಮಾರಾಯ್ತಿ! ಬಿಲ್ಲೆ ಇಲ್ಲದೆ ಸಾಲಲ್ಲಿ ನಿಂತ್ರೆ ಮೂರು ದಿನ ದೋಣಿ ತಳ ಕೆರೆಯೋ ಶಿಕ್ಷೆ ಕಣೇ!"

"ನನಗೇನ್ರೀ ಗೊತ್ತು? ದೇಶದ ಬಿಲ್ಲೆ ಅಂದ್ಮೇಲೆ ಗಟ್ಟಿ ಬಣ್ಣ ಇರುತ್ತೆ ಅಂದ್ಕೊಂಡೆ. ಬೀದಿ ಕೊನೆಯ ದರ್ಜಿ ಹತ್ರ ಹೋಗಿ. ಎಲ್ಲಾ ದಳದವರದ್ದೂ ಅವನೇ ಹೊಲಿಯೋದು."

ಒಳಗಿನಿಂದ ಅತ್ತೆಯ ದನಿ ಬಂತು: "ಅಳಿಯಂದ್ರೇ, ಅಡ್ಮಿರಲ್ಲು ಬಿಲ್ಲೆ ನೋಡ್ತಾರೋ, ನಿಮ್ಮ ಮುಖ ನೋಡ್ತಾರೋ?"

"ಮುಖ ನೋಡಿದ್ರೆ ಇನ್ನೂ ಕಷ್ಟ ಅಮ್ಮ," ಎಂದಳು ಹೆಂಡತಿ.

ದರ್ಜಿಯ ಅಂಗಡಿ ಒಂದು ಬಾಗಿಲು, ಒಂದು ಹೊಲಿಗೆ ಯಂತ್ರ, ಒಂದು ತಗಡಿನ ಡಬ್ಬಿ ಇಷ್ಟರಲ್ಲೇ ಮುಗಿಯುತ್ತಿತ್ತು. ಡಬ್ಬಿಯ ತುಂಬ ಬೇರೆ ಬೇರೆ ದಳಗಳ ಬಿಲ್ಲೆಗಳು. ದರ್ಜಿಯ ಕನ್ನಡಕ ಒಡೆದು ಎರಡು ವಾರವಾಗಿತ್ತು. ಗಾಜೆಲ್ಲ ದುರ್ಬೀನುಗಳಿಗೆ ಹೋಗುತ್ತಿದೆ, ಯುದ್ಧ ಮುಗಿಯುವ ತನಕ ಕಾಯಿರಿ ಎಂದು ಕನ್ನಡಕದವನು ಹೇಳಿದ್ದ. ಹಾಗಾಗಿ ದರ್ಜಿ ಈಗ ಬೆರಳಿನಿಂದಲೇ ನೋಡುತ್ತಿದ್ದ.

"ಲಂಗರು ಇರೋದು ತಾನೇ? ಮೇಲೆ ದುಂಡಗೆ ಒಂದು, ಸುತ್ತ ಗೆರೆ ಗೆರೆ?"

"ಹೌದೌದು, ಅದೇ. ಬೇಗ ಆಗ್ಬೇಕು."

ದರ್ಜಿ ಡಬ್ಬಿಯೊಳಗೆ ಕೈಯಾಡಿಸಿದ, ಒಂದು ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿದ, ತಲೆಯಾಡಿಸಿದ, ಹೊಲಿದ. ಹೊಲಿಯುವಾಗ ಶತ್ರುವಿನ ನೌಕಾಪಡೆಯ ಬಗ್ಗೆ ತನ್ನ ಅಭಿಪ್ರಾಯವನ್ನೂ ಹೇಳಿದ. ಟಿಕೆಟ್ಟಣ್ಣ ಗಡಿಯಾರದ ಮೇಲೆ ಕಣ್ಣಿಟ್ಟು ಹೂಂಗುಟ್ಟಿದ, ಹೊಲಿಗೆ ಮುಗಿದದ್ದೇ ಕೋಟು ಹಾಕಿಕೊಂಡು ಓಡಿದ. ತನ್ನ ತೋಳನ್ನು ತಾನೇ ತಿರುಗಿ ನೋಡಿಕೊಳ್ಳುವ ಅಭ್ಯಾಸ ಯಾರಿಗೆ ತಾನೇ ಇರುತ್ತದೆ?

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಟಿಕೆಟ್ಟಣ್ಣ ಹತ್ತಿ ಕಂಬಿ ಹಿಡಿದುಕೊಂಡ ಕೂಡಲೇ ಎಡಗಡೆಯವನು ಅವನ ತೋಳನ್ನು ನೋಡಿ ಜರುಗಿದ. ಬಲಗಡೆಯವಳು ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು. ಎರಡು ನಿಮಿಷದಲ್ಲಿ ಅವನ ಸುತ್ತ ಒಂದು ಮಂಚ ಹಾಕುವಷ್ಟು ಜಾಗ ಖಾಲಿಯಾಯಿತು. ಕೋಟಿನಿಂದ ವಾಸನೆ ಬರುತ್ತಿರಬಹುದೆಂದು ಅವನು ಕಂಕುಳ ಕಡೆಗೆ ಮೂಗು ತಂದು ನೋಡಿಕೊಂಡ. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಕಂಡಕ್ಟರ್ ದೂರದಿಂದಲೇ ಕೈಮುಗಿದ. "ಸಾರ್, ನಿಮಗೆ ಟಿಕೆಟ್ ಬೇಡ. ಆದ್ರೆ ಜೇಬಲ್ಲಿ ಏನಾದ್ರೂ ಇದ್ರೆ ಕೈ ಹಾಕ್ಬೇಡಿ ಸಾರ್. ಮುಂದೆ ರಸ್ತೆ ಗುಂಡಿ ಜಾಸ್ತಿ."

"ಜೇಬಲ್ಲಿ ಕರವಸ್ತ್ರ ಇದೆ ಅಷ್ಟೇ."

"ಇರ್ಲಿ ಸಾರ್, ಇರ್ಲಿ. ಅದನ್ನೂ ಮುಟ್ಬೇಡಿ."

ಬಂದರಿನ ಸ್ಟಾಪಿನಲ್ಲಿ ಇಳಿದಾಗ ಎದುರಿಗೆ ಸಿಕ್ಕವರು ನಿವೃತ್ತ ಮೇಷ್ಟ್ರು. ಟಿಕೆಟ್ಟಣ್ಣನ ಪಕ್ಕದ ಮನೆಯವರು. ಯುದ್ಧ ಶುರುವಾದ ಮೇಲೆ ತಾವಾಗಿಯೇ ಆ ಕಡೆಯ ನಾಗರಿಕ ರಕ್ಷಣೆಯ ಮುಂದಾಳಾಗಿ, ಕತ್ತಿಗೊಂದು ಸೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದರು. ಸರ್ಕಾರ ಹಂಚಿದ ಸೇನಾ ಲಾಂಛನಗಳ ಪಟವನ್ನು ಮನೆಯ ಗೋಡೆಗೆ ಅಂಟಿಸಿ, ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಅವರ ಕಣ್ಣು ನೇರವಾಗಿ ತೋಳಿಗೆ ಹೋಯಿತು.

"ಏನಯ್ಯಾ! ಲಂಗರಿನ ಮೇಲೆ ಮುಳ್ಳುಗುಂಡು! ಸಿಡಿಗುಂಡು ದಳ! ಪಕ್ಕದ ಮನೆಯಲ್ಲಿದ್ದುಕೊಂಡು ನನಗೇ ಒಂದು ಮಾತು ಹೇಳಲಿಲ್ಲವಲ್ಲಯ್ಯಾ!"

ಟಿಕೆಟ್ಟಣ್ಣ ಆಗ ಮೊದಲ ಸಲ ಕತ್ತು ತಿರುಗಿಸಿ ತನ್ನ ತೋಳನ್ನು ನೋಡಿಕೊಂಡ. ದೀಪವಿರಬೇಕಾದ ಜಾಗದಲ್ಲಿ ಕಪ್ಪು ಗುಂಡು, ಕಿರಣವಿರಬೇಕಾದ ಕಡೆ ಮುಳ್ಳು. ಸಮುದ್ರದಲ್ಲಿ ಶತ್ರು ತೇಲಿಬಿಟ್ಟ ಸಿಡಿಗುಂಡುಗಳನ್ನು ಹಿಡಿದು, ಕೂತು, ಬಿಚ್ಚುವವರ ಗುರುತು ಅದು. ಆ ದಳಕ್ಕೆ ಸೇರಿದವರ ಮನೆಗೆ ಅಂಚೆಯವನು ಬಂದರೆ ಬೀದಿಯೇ ಉಸಿರು ಹಿಡಿಯುತ್ತಿತ್ತು.

"ಮೇಷ್ಟ್ರೇ, ಇದು ನಂದಲ್ಲ. ದರ್ಜಿ ಕಣ್ಣು ಕಾಣದೆ ಹೊಲಿದುಬಿಟ್ಟಿದಾನೆ!"

ಮೇಷ್ಟ್ರು ಒಂದು ಕಣ್ಣು ಮಿಟುಕಿಸಿದರು. "ಅರ್ಥ ಆಯ್ತು. ಗುಟ್ಟು ಕಾಪಾಡಬೇಕು. ಕಾಪಾಡು. ನಾನು ಯಾರಿಗೂ ಹೇಳುವುದಿಲ್ಲ." ಹಾಗೆಂದು ಪಕ್ಕದಲ್ಲಿ ನಿಂತಿದ್ದ ಇಬ್ಬರಿಗೆ ಕೂಡಲೇ ಹೇಳಿದರು.

ಅಷ್ಟರಲ್ಲಿ ಮೀನುಪೇಟೆಯ ಕಡೆಯಿಂದ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಸೊಂಟದಲ್ಲಿಟ್ಟುಕೊಂಡೇ ಓಡಿ ಬಂದಳು. "ಮೇಷ್ಟ್ರೇ, ಸೀಟಿ ಊದಿ! ಪೇಟೆ ಮೆಟ್ಟಿಲ ಮೇಲೆ ಕಬ್ಬಿಣದ ಗುಂಡು ಬಂದು ಕೂತಿದೆ! ಎಮ್ಮೆಯಷ್ಟು ದೊಡ್ಡದು! ಬಾಂಬಂತೆ!"

ಮೇಷ್ಟ್ರ ಮುಖ ಅರಳಿತು. "ಹೆದರಬೇಡಮ್ಮ. ಬಾಂಬಿನ ಮನುಷ್ಯ ಇಲ್ಲೇ ಇದ್ದಾನೆ."

ಅವಳು ಟಿಕೆಟ್ಟಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಅಣ್ಣಾ, ನಿನ್ನ ಹೊಟ್ಟೆ ತಣ್ಣಗಿರಲಿ! ಬಾ ಬೇಗ."

"ಅಮ್ಮಾ ತಾಯಿ, ನಾನು ಬರೀ ಕಾವಲಿನವನು. ಟಿಕೆಟ್ಟಿಗೆ ತೂತು ಹಾಕ್ತಿದ್ದವನು!"

"ನೋಡು, ಎಷ್ಟು ದೊಡ್ಡ ಮನಸ್ಸು!" ಎಂದರು ಮೇಷ್ಟ್ರು, ಮತ್ತು ಅವನ ಬಿಲ್ಲೆಯಿದ್ದ ತೋಳನ್ನೇ ಭದ್ರವಾಗಿ ಹಿಡಿದುಕೊಂಡು ನಡೆದರು. ಟಿಕೆಟ್ಟಣ್ಣ ಕಾಲಿಗೆ ಬುದ್ಧಿ ಹೇಳಬೇಕೆಂದು ಎರಡು ಸಲ ಯೋಚಿಸಿದ. ಆದರೆ ಎರಡು ಸಲವೂ ಮೇಷ್ಟ್ರು ಸೀಟಿ ಊದಿದ್ದರಿಂದ ಹಿಂದೆ ಮುಂದೆ ಜನ ತುಂಬಿಕೊಂಡರು.

ಮೀನುಪೇಟೆಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಬೆನ್ನ ಹಿಂದೆ ನಿಲ್ಲಲು ಪ್ರಯತ್ನ ಪಡುತ್ತಿದ್ದರು. ಆದ್ದರಿಂದ ಗುಂಪು ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳ ಕೆಳಗೆ, ಪಾಚಿ ಮೆತ್ತಿದ ದೊಡ್ಡ ಕಬ್ಬಿಣದ ಗುಂಡು ಒರಗಿಕೊಂಡು ಕೂತಿತ್ತು. ಅಲೆ ಬಂದಾಗಲೆಲ್ಲ ಮೆಟ್ಟಿಲಿಗೆ ತಾಗಿ 'ಡಂಯ್' ಎನ್ನುತ್ತಿತ್ತು. ಪ್ರತಿ 'ಡಂಯ್'ಗೂ ಗುಂಪು ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಟಿಕೆಟ್ಟಣ್ಣ ಸರಿಯಲಿಲ್ಲ. ಅವನ ಬೆನ್ನಿಗೆ ಮೇಷ್ಟ್ರ ಕೈ ಇತ್ತು.

"ದಳಕ್ಕೆ ಫೋನ್ ಮಾಡ್ರಪ್ಪಾ ಯಾರಾದ್ರೂ!" ಎಂದ ಅವನು.

"ಪೇಟೆಯವರು ಆಗಲೇ ಮಾಡಿದ್ದಾರೆ. ಬರುವುದು ತಡ ಆಗುತ್ತಂತೆ. ಅಲ್ಲಿಯವರೆಗೆ ನೀನು ನೋಡಿಕೋ," ಎಂದು ಮೇಷ್ಟ್ರು ಮೆಲ್ಲಗೆ ತಳ್ಳಿದರು.

ಟಿಕೆಟ್ಟಣ್ಣ ಒಂದೊಂದೇ ಮೆಟ್ಟಿಲು ಇಳಿದ. ಮನಸ್ಸಿನಲ್ಲಿ ಹೆಂಡತಿ, ಅತ್ತೆ, ಒಂದು ಬಕೆಟ್ ಬಿಸಿನೀರು ಹೀಗೆ ಒಂದಾದ ಮೇಲೊಂದು ಹಾದುಹೋದವು. ಕೊನೆಯ ಮೆಟ್ಟಿಲಿಗೆ ಬಂದಾಗ ಅಲೆಯೊಂದು ಗುಂಡನ್ನು ಸ್ವಲ್ಪ ಹೊರಳಿಸಿತು. ಪಾಚಿಯ ನಡುವೆ ಬಿಳಿ ಬಣ್ಣದಲ್ಲಿ ಬರೆದ ಅಂಕಿ ಕಾಣಿಸಿತು. ಹದಿನೇಳು.

ಅವನಿಗೆ ಒಂದೇ ಉಸಿರಿನಲ್ಲಿ ಹೋದ ಜೀವ ಬಂತು, ಬಂದ ಜೀವ ಮತ್ತೆ ಹೋಯಿತು.

ಅದು ಬಾಂಬಲ್ಲ, ಬುರುಡೆ. ಹಡಗುಗಳಿಗೆ ದಾರಿ ಗೊತ್ತಾಗಲೆಂದು ಬಂದರಿನ ಬಾಯಲ್ಲಿ ಸರಪಣಿ ಕಟ್ಟಿ ತೇಲಿಬಿಡುವ ಟೊಳ್ಳು ಕಬ್ಬಿಣದ ಬುರುಡೆ. ಹದಿನೈದು ದಿನದ ಹಿಂದೆ ಹದಿನೇಳನೇ ನಂಬರಿನ ಬುರುಡೆಯ ಸರಪಣಿ ಬದಲಾಯಿಸಲು ಅದನ್ನು ಕಾವಲು ದೋಣಿಯ ಹಿಂದೆ ಕಟ್ಟಿ ಎಳೆದುಕೊಂಡು ಬರುವಾಗ ಗಂಟು ಹಾಕಿದವನು ಇದೇ ಟಿಕೆಟ್ಟಣ್ಣ. ಟಿಕೆಟ್ಟಿನ ಕಟ್ಟಿಗೆ ಹಾಕುವ ಗಂಟನ್ನೇ ಹಾಕಿದ್ದ. ದಡಕ್ಕೆ ಬಂದು ನೋಡಿದರೆ ಹಗ್ಗ ಮಾತ್ರ ಬಂದಿತ್ತು. ಅವನು ಪ್ರಾಮಾಣಿಕವಾಗಿ 'ಬುರುಡೆ ಕಾಣೆಯಾಗಿದೆ' ಎಂದು ವರದಿ ಬರೆದ. ದೋಣಿಯೊಳಗೆ ಅಷ್ಟು ಹೊತ್ತೂ ನಿದ್ದೆ ಹೊಡೆದಿದ್ದ ಕಮಾಂಡರ್ ಸಾಹೇಬರಿಗೆ ಅದು ಹಿಡಿಸಲಿಲ್ಲ.

"ಕಾಣೆಯಾಗಿದೆ ಅಂತ ಬರೆದ್ರೆ ನಾನೇನು ಮಾಡ್ತಿದ್ದೆ ಅಂತ ಕೇಳ್ತಾರಯ್ಯಾ. ಶತ್ರುವಿನ ಗುಂಡಿಗೆ ಮುಳುಗಿತು ಅಂತ ಬರಿ."

ಹಾಗೆ ಬರೆದ. ಒಂದು ಗುಂಡು ಸಾಲದೆನಿಸಿ ಕಮಾಂಡರ್ ಅದನ್ನು ನಲವತ್ತು ನಿಮಿಷದ ಕಾಳಗ ಮಾಡಿದರು. ಬುರುಡೆ ಮೂರು ಚೂರಾಗಿ ಮುಳುಗಿತೆಂದು ಸೇರಿಸಿದರು. ಕೆಳಗೆ ಕಣ್ಣಾರೆ ಕಂಡ ಸಾಕ್ಷಿಯೆಂದು ಟಿಕೆಟ್ಟಣ್ಣನ ರುಜು ಹಾಕಿಸಿದರು. ಆ ವರದಿ ಮೇಲಿನವರಿಗೆ ಎಷ್ಟು ಹಿಡಿಸಿತೆಂದರೆ, ಇವತ್ತು ಹನ್ನೊಂದು ಗಂಟೆಗೆ ಅಡ್ಮಿರಲ್ ಬರುತ್ತಿದ್ದುದೇ ಕಮಾಂಡರರ ತೋಳಿಗೆ ಇನ್ನೊಂದು ಚಿನ್ನದ ಗೆರೆ ತೊಡಿಸಲು. ಒಟ್ಟಿನಲ್ಲಿ ಇಬ್ಬರೂ ಸೇರಿ ಬಿಟ್ಟ ಬುರುಡೆ ಈಗ ತಾನಾಗಿ ದಡಕ್ಕೆ ಬಂದಿತ್ತು.

ಯುದ್ಧಕಾಲದಲ್ಲಿ ಸುಳ್ಳು ವರದಿ ಬರೆದವನಿಗೆ ದೋಣಿ ತಳ ಕೆರೆಯುವಂಥ ಸಣ್ಣ ಶಿಕ್ಷೆ ಇರಲಿಲ್ಲ. ನೇರ ಜೈಲು.

ಟಿಕೆಟ್ಟಣ್ಣ ಹಿಂದೆ ಮುಂದೆ ನೋಡದೆ ಬುರುಡೆಯನ್ನು ತಬ್ಬಿಕೊಂಡು ಎದೆಯಿಂದ ಆ ಅಂಕಿಯನ್ನು ಮುಚ್ಚಿದ. ಮೇಲಿನಿಂದ ಸಾವಿರ ಬಾಯಿಗಳು ಒಟ್ಟಿಗೆ "ಆ!" ಎಂದವು.

"ನೋಡಿ, ಹೃದಯ ಬಡಿತ ಕೇಳುತ್ತಿದ್ದಾನೆ. ಒಳಗೆ ಗಡಿಯಾರ ಇರುತ್ತದೆ," ಎಂದು ಮೇಷ್ಟ್ರು ವಿವರಿಸಿದರು.

ಹೇಗಾದರೂ ಇದನ್ನು ನೀರಿಗೆ ನೂಕಿದರೆ ತೇಲಿ ಹೋಗಲಿ ಎಂದು ಅವನು ಹೆಗಲು ಕೊಟ್ಟು ತಳ್ಳಿದ. ಬುರುಡೆ ಅರ್ಧ ಸುತ್ತು ಉರುಳಿ ನೀರಿಗಿಳಿಯಿತು, ಅಲೆ ಅದನ್ನು ಎತ್ತಿ ತಂದು ಮೆಟ್ಟಿಲ ಮೇಲೆ ಇಟ್ಟಿತು. 'ಡಂಯ್!' ಎರಡನೇ ಸಲ ತಳ್ಳಿದ. ಎರಡನೇ ಸಲವೂ ವಾಪಸು ಬಂತು. ಮೂರನೇ ಸಲ ಅವನೇ ಮೊಣಕಾಲಿನವರೆಗೆ ನೀರಿಗಿಳಿದು ಒದ್ದ.

"ಅಣ್ಣಾ, ಒದೀಬೇಡ್ವೋ!" ಎಂದು ಮೀನಿನ ಹೆಂಗಸು ಚೀರಿದಳು. "ನಮ್ಮ ದೋಣಿಗಳೆಲ್ಲ ಹೊರಗಿದಾವೆ!"

ಕೊನೆಗೆ ಅವನು ಸೋತು ಬುರುಡೆಯ ಮೇಲೆಯೇ ಕುಳಿತು, ಒದ್ದೆ ಕಾಲುಗಳನ್ನು ಅಂಕಿಯ ಮುಂದೆ ಇಳಿಬಿಟ್ಟುಕೊಂಡ. ಜನ ಕೈಮುಗಿದರು. ಯಾರೋ ಅತ್ತರು. ಸುದ್ದಿ ಬೀದಿಗೆ ಮುಟ್ಟಿ, ಅವನ ಹೆಂಡತಿಯೂ ಅತ್ತೆಯೂ ಬಂದು ಗುಂಪಿನ ಮುಂದೆ ನಿಂತದ್ದು ಅಷ್ಟು ದೂರದಿಂದಲೂ ಅವನಿಗೆ ಕಾಣಿಸಿತು.

"ರೀ, ಎದ್ದು ಬನ್ರೀ! ಇನ್ನೊಂದ್ ಸಲ ಬಿಸಿನೀರಲ್ಲಿ ಒಗೆಯೋದಿಲ್ಲ, ಆಣೆ!" ಎಂದು ಹೆಂಡತಿ ಕೂಗಿದಳು.

"ಅಳಿಯಂದ್ರೇ, ಇಷ್ಟು ವರ್ಷ ನಿಮ್ಮನ್ನ ಏನೇನೋ ಅಂದ್ಬಿಟ್ಟೆ, ಕ್ಷಮಿಸಿ!" ಎಂದರು ಅತ್ತೆ. ಹದಿನೆಂಟು ವರ್ಷದಲ್ಲಿ ಅತ್ತೆ ಕ್ಷಮೆ ಕೇಳಿದ್ದು ಅದೇ ಮೊದಲು. ಆದರೆ ಅದನ್ನು ಸವಿಯುವ ಸ್ಥಿತಿಯಲ್ಲಿ ಅಳಿಯನಿರಲಿಲ್ಲ.

ಹನ್ನೊಂದೂವರೆಗೆ ಸಿಡಿಗುಂಡು ದಳದ ಲಾರಿ ಬಂತು. ಮರಳಿನ ಚೀಲಗಳ ನಡುವಿನಿಂದ ಕ್ಯಾಪ್ಟನ್ ಇಳಿದರು. ಒಣಕಲು ಮನುಷ್ಯ, ನಿದ್ದೆ ಸಾಲದ ಕಣ್ಣು, ಎಡಗೈಯಲ್ಲಿ ಮೂರೇ ಬೆರಳು. ಬುರುಡೆಯ ಮೇಲೆ ಕೂತಿದ್ದವನನ್ನು ನೋಡುತ್ತಲೇ ಅವರು ಮೆಟ್ಟಿಲಿಳಿದು ಹತ್ತಿರ ಬಂದರು.

"ಯಾರಪ್ಪಾ ನೀನು? ನನ್ನ ದಳದ ಬಿಲ್ಲೆ ಹಾಕಿದೀಯ. ನನ್ನ ದಳದಲ್ಲಿ ನಿನ್ನ ನೋಡಿಲ್ಲ."

"ಸಾರ್, ದರ್ಜಿ ತಪ್ಪು ಬಿಲ್ಲೆ ಹೊಲಿದ ಸಾರ್. ನಾನು ಕಾವಲು ದಳದವನು."

"ಹಾಗಾದ್ರೆ ಇದರ ಮೇಲೆ ಯಾಕೆ ಕೂತಿದೀಯ?"

ಟಿಕೆಟ್ಟಣ್ಣ ಕಾಲುಗಳನ್ನು ಅಂಕಿಗೆ ಇನ್ನಷ್ಟು ಒತ್ತಿಕೊಂಡ. "ಕಾಲು ನೋಯ್ತಿತ್ತು ಸಾರ್," ಎಂದ.

ಕ್ಯಾಪ್ಟನ್ ಅವನ ಕಾಲನ್ನು ಪಕ್ಕಕ್ಕೆ ಸರಿಸಿದರು. ಪಾಚಿ ಉಜ್ಜಿ ಅಂಕಿ ಓದಿದರು. ಜೇಬಿನಿಂದ ಬಂದರಿನ ಬುರುಡೆಗಳ ಪಟ್ಟಿ ತೆಗೆದು ಬೆರಳಾಡಿಸಿದರು. "ಹದಿನೇಳು... ಶತ್ರುವಿನೊಂದಿಗೆ ಕಾಳಗದಲ್ಲಿ ಮೂರು ಚೂರಾಗಿ ಮುಳುಗಿದೆ. ಸಾಕ್ಷಿ..." ಅವರು ಸಾಕ್ಷಿಯ ಹೆಸರನ್ನು ಓದಿ ತಲೆಯೆತ್ತಿದರು. "ಕಾವಲು ದಳದಲ್ಲಿ ನಿನ್ನ ಹೆಸರೇನು?"

ಟಿಕೆಟ್ಟಣ್ಣ ಹೆಸರು ಹೇಳಿದ. ಅವನ ದನಿ ಅವನಿಗೇ ಕೇಳಿಸಲಿಲ್ಲ. ಕ್ಯಾಪ್ಟನ್ನಿಗೆ ಮಾತ್ರ ಕೇಳಿಸಿತು.

ಅದೇ ಹೊತ್ತಿಗೆ ಎರಡು ಕಾರುಗಳು ಬಂದು ನಿಂತವು. ತಪಾಸಣೆ ಮುಗಿಸಿದ ಅಡ್ಮಿರಲ್ ಸಾಹೇಬರು, ಊರೆಲ್ಲ ಮಾತಾಡುತ್ತಿರುವ ಬಾಂಬನ್ನು ತಾವೂ ನೋಡಬೇಕೆಂದು ಬಿಳಿ ಸಮವಸ್ತ್ರದಲ್ಲೇ ಬಂದಿದ್ದರು. ಹಿಂದಿನಿಂದ ಕಮಾಂಡರ್ ಇಳಿದರು, ತೋಳನ್ನು ಮೈಯಿಂದ ಒಂದು ಗೇಣು ದೂರ ಹಿಡಿದುಕೊಂಡು. ಅರ್ಧ ಗಂಟೆಯ ಹಿಂದೆ ತೊಡಿಸಿದ ಚಿನ್ನದ ಗೆರೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಬುರುಡೆಯ ಮೇಲಿನ ಅಂಕಿ ಕಂಡದ್ದೇ ಅವರ ಮುಖ ಸುಣ್ಣ ಬಳಿದಂತಾಯಿತು.

"ಸರಿಯಾದ ಹೊತ್ತಿಗೆ ಬಂದ್ರಿ ಕಮಾಂಡರ್," ಎಂದರು ಕ್ಯಾಪ್ಟನ್. "ಇದರ ಮೇಲೆ ಹದಿನೇಳು ಅಂತ ಇದೆ. ನಿಮ್ಮ ಹದಿನೇಳು ಮುಳುಗಿದ್ದು ನಿಜ ತಾನೇ?"

ಕಮಾಂಡರ್ ಅಡ್ಮಿರಲ್ಲರನ್ನು ನೋಡಿದರು, ಗೆರೆಯನ್ನು ನೋಡಿದರು, ಕೊನೆಗೆ ಟಿಕೆಟ್ಟಣ್ಣನನ್ನು ನೋಡಿದರು. "ಕಣ್ಣಾರೆ ಕಂಡಿದೀನಿ. ಮೂರು ಚೂರು."

"ಹಾಗಾದ್ರೆ ಇದು ನಮ್ಮದಲ್ಲ. ಮುಳುಗಿರೋ ಬುರುಡೆಯ ನಂಬರ್ ಹಾಕಿ ಶತ್ರು ಬಿಟ್ಟಿರೋ ಸಿಡಿಗುಂಡು." ಕ್ಯಾಪ್ಟನ್ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟರು. "ಬಿಚ್ಚಿ ನೋಡಲೇಬೇಕು."

ಅಡ್ಮಿರಲ್ ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು. "ಯಾರು ಬಿಚ್ಚುತ್ತಾರೆ?"

"ನನ್ನ ಹುಡುಗ ಬಿಚ್ಚುತ್ತಾನೆ ಸರ್!" ಎಂದರು ಕಮಾಂಡರ್, ಬೇರೆಯವರು ಬಾಯಿ ತೆರೆಯುವ ಮೊದಲೇ. ಹೆಗಲ ಮೇಲೆ ಕೈಹಾಕುವ ನೆಪದಲ್ಲಿ ಬಗ್ಗಿ ಟಿಕೆಟ್ಟಣ್ಣನ ಕಿವಿಯಲ್ಲಿ ಪಿಸುಗುಟ್ಟಿದರು: "ಖಾಲಿ ಬುರುಡೆ ಕಣೋ. ಬಿಚ್ಚಿ ಬಿಸಾಕು. ಬೇರೆಯವರು ಬಿಚ್ಚಿದ್ರೆ ನಾವಿಬ್ರೂ ಒಂದೇ ಜೈಲಲ್ಲಿ ಕೊಳೀತೀವಿ."

ಕ್ಯಾಪ್ಟನ್ ಮರುಮಾತಿಲ್ಲದೆ ತಮ್ಮ ಸ್ಪ್ಯಾನರ್ ಕೊಟ್ಟರು. ಇನ್ನೂರು ಹೆಜ್ಜೆ ದೂರದಲ್ಲಿ ಮರಳಿನ ಚೀಲ ಪೇರಿಸಿ, ಎಲ್ಲರನ್ನೂ ಬೋರಲು ಮಲಗಿಸಿದರು. ಅಡ್ಮಿರಲ್ ಸಾಹೇಬರು ತಮ್ಮ ಬಿಳಿ ಸಮವಸ್ತ್ರದಲ್ಲಿ ಮೀನಿನ ಪೊರೆಗಳ ಮೇಲೆ ಮಲಗಿದರು. ಕಮಾಂಡರ್ ಪಕ್ಕದಲ್ಲಿ ಮಲಗಿ, ಗೆರೆಯಿದ್ದ ತೋಳನ್ನು ಮಾತ್ರ ಕೊಳೆಯಾಗದಂತೆ ಮೇಲೆತ್ತಿ ಹಿಡಿದರು. ಮೇಷ್ಟ್ರು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗಿದ್ದರಿಂದ ಅವರು ಉಸಿರು ಬಿಟ್ಟಾಗಲೆಲ್ಲ ಅದು ಸಣ್ಣಗೆ ಅಳುತ್ತಿತ್ತು.

ಮೆಟ್ಟಿಲ ಬಳಿ ಟಿಕೆಟ್ಟಣ್ಣ ಒಬ್ಬನೇ ಉಳಿದ. ಬೆಳಿಗ್ಗೆಯಿಂದ ಮೊದಲ ಸಲ ಅವನಿಗೆ ನೆಮ್ಮದಿಯಾಗಿತ್ತು. ಹದಿನೇಳರ ಮುಚ್ಚಳಕ್ಕೆ ಎಂಟು ನಟ್ಟುಗಳೆಂದು ಅವನಿಗೆ ಗೊತ್ತಿತ್ತು, ಅವುಗಳಿಗೆ ಎಣ್ಣೆ ಬಿಟ್ಟವನೇ ಅವನು. ನಾಲ್ಕು ಸಲೀಸಾಗಿ ಬಂದವು. ಐದನೆಯದು ತುಕ್ಕು ಹಿಡಿದಿತ್ತು. ಸ್ಪ್ಯಾನರಿನಿಂದ ಅದಕ್ಕೆ ಎರಡು ಬಾರಿಸಿದ. 'ಡಂಯ್! ಡಂಯ್!' ದೂರದಲ್ಲಿ ಅಡ್ಮಿರಲ್ ಸಾಹೇಬರು ಮುಖವನ್ನು ನೆಲದೊಳಗೆ ಹುದುಗಿಸಿಕೊಂಡರು. ಟಿಕೆಟ್ಟಣ್ಣ ಏನೋ ಒಂದು ಹಾಡು ಗುನುಗುತ್ತ, ಬುರುಡೆಗೆ ಒಂದು ಕಾಲು ಕೊಟ್ಟು ನಿಂತು, ಉಳಿದ ಮೂರನ್ನೂ ತಿರುಗಿಸಿ, ಮುಚ್ಚಳವನ್ನು ಎತ್ತಿ ನೀರಿಗೆಸೆದ.

ಒಳಗೆ ಎರಡು ಚೊಂಬಿನಷ್ಟು ಸಮುದ್ರದ ನೀರಿತ್ತು. ನೀರಿನಲ್ಲಿ ಒಂದು ಏಡಿ ಕೂತು ಅವನನ್ನೇ ನೋಡುತ್ತಿತ್ತು.

"ಖಾಲಿ ಸಾರ್!" ಎಂದು ಕೂಗಿದ.

ಕ್ಯಾಪ್ಟನ್ ಬಂದು ತಲೆ ಒಳಗೆ ಹಾಕಿ ನೋಡಿದರು, ಕೈ ಹಾಕಿ ತಡವಿದರು, ಏಡಿಯಿಂದ ಕಚ್ಚಿಸಿಕೊಂಡರು. ಹೊರಗೆ ಬಂದು ಗಂಭೀರವಾಗಿ ಹೇಳಿದರು: "ಶತ್ರುವಿನ ಕುತಂತ್ರ ಸರ್. ಮೊದಲು ಖಾಲಿ ಬಿಡ್ತಾರೆ, ನಾವು ಮೈಮರೆತ ಮೇಲೆ ತುಂಬಿದ್ದು ಬಿಡ್ತಾರೆ. ಆದ್ರೆ ಇದು ಖಾಲಿ ಅಂತ ಈತನಿಗೇನು ಗೊತ್ತಿತ್ತು? ಹದಿನಾರು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಹಾಡು ಹೇಳ್ಕೊಂಡು ಬಿಚ್ಚಿದವನನ್ನ ನೋಡಿಲ್ಲ."

ಅಡ್ಮಿರಲ್ ಮೈಮೇಲಿನ ಮೀನಿನ ಪೊರೆ ಒರೆಸಿಕೊಳ್ಳುತ್ತ ಟಿಕೆಟ್ಟಣ್ಣನ ಕೈ ಕುಲುಕಿದರು. "ಇಂಥ ಗಂಡೆದೆಯವನು ಕಾವಲು ದೋಣಿಯಲ್ಲಿ ಕೊಳೆಯಬಾರದು. ಈ ಕ್ಷಣದಿಂದಲೇ ಸಿಡಿಗುಂಡು ದಳಕ್ಕೆ ವರ್ಗ. ಏನು ಕಮಾಂಡರ್, ನಿಮಗೆ ನಷ್ಟವಲ್ಲವೇ?"

"ನಷ್ಟವೇ ಸರ್," ಎಂದರು ಕಮಾಂಡರ್. ಕಾಳಗದ ಏಕೈಕ ಸಾಕ್ಷಿ ಬೇರೆ ದಳಕ್ಕೆ, ಅದರಲ್ಲೂ ಆ ದಳಕ್ಕೆ ಹೋಗುತ್ತಿರುವ ಸಂತೋಷದಿಂದ ಅವರ ಕಣ್ಣಲ್ಲಿ ನೀರೇ ಬಂದಿತ್ತು. "ಆದ್ರೆ ದೇಶ ದೊಡ್ಡದು ಸರ್. ಕರ್ಕೊಂಡು ಹೋಗಿ."

ಟಿಕೆಟ್ಟಣ್ಣ ಬಾಯಿ ತೆರೆದ. ಕಮಾಂಡರ್ ಅವನನ್ನು ನೋಡಿದರು. ಟಿಕೆಟ್ಟಣ್ಣ ಬಾಯಿ ಮುಚ್ಚಿದ. ಮೇಲೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರು ಅವನ ಹೆಂಡತಿಗೆ, ಈ ಧೈರ್ಯದ ಗುಣವನ್ನು ತಾವು ಗೋಡೆಯಾಚೆಯಿಂದಲೇ ಎಷ್ಟೋ ದಿನದ ಹಿಂದೆ ಗುರುತಿಸಿದ್ದಾಗಿ ಹೇಳುತ್ತಿದ್ದರು.

ಲಾರಿ ಅವನನ್ನು ಬಂದರಿನ ಆಚೆ ತುದಿಯಲ್ಲಿದ್ದ ಸಿಡಿಗುಂಡು ದಳದ ಅಂಗಳಕ್ಕೆ ತಂದು ಇಳಿಸಿದಾಗ ಮಧ್ಯಾಹ್ನ ಮೂರು ಗಂಟೆ. ಸುತ್ತ ಮಣ್ಣಿನ ದಿಬ್ಬ, ನಡುವೆ ಒಂದು ತಗಡಿನ ಶೆಡ್ಡು. ಶೆಡ್ಡಿನಲ್ಲಿ ಹನ್ನೆರಡು ಗೂಟ, ಏಳರಲ್ಲಿ ಮಾತ್ರ ಕೋಟು. ಕ್ಯಾಪ್ಟನ್ ಎದುರು ಕೂತು ಅವನಿಗೊಂದು ಲೋಟ ಚಹಾ ಕೊಟ್ಟರು.

ದಾರಿಯುದ್ದಕ್ಕೂ ಯೋಚಿಸಿ ಟಿಕೆಟ್ಟಣ್ಣ ಒಂದು ನಿರ್ಧಾರಕ್ಕೆ ಬಂದಿದ್ದ. ಜೈಲಾದರೆ ಜೈಲು. ಜೈಲಿನಲ್ಲಿ ಏನೂ ಸಿಡಿಯುವುದಿಲ್ಲ. ಚಹಾ ಪಕ್ಕಕ್ಕಿಟ್ಟು ಎದ್ದು ನಿಂತ.

"ಸಾರ್, ಒಂದು ನಿಜ ಹೇಳ್ಬೇಕು. ಅದು ಶತ್ರುವಿನದಲ್ಲ. ನಮ್ಮದೇ ಬುರುಡೆ. ನಾನೇ ಕಳೆದದ್ದು. ಕಾಳಗ ಅನ್ನೋದೆಲ್ಲ ಸುಳ್ಳು. ಖಾಲಿ ಅಂತ ಗೊತ್ತಿದ್ದಕ್ಕೇ ಧೈರ್ಯ ಬಂತು ಸಾರ್. ನಿಜವಾದ ಗುಂಡು ಕಂಡ್ರೆ ನಾನು ಅಲ್ಲೇ ಬಿದ್ದೋಗ್ತೀನಿ."

ಕ್ಯಾಪ್ಟನ್ ತಮ್ಮ ಲೋಟದ ಚಹಾ ಊದಿ ಒಂದು ಗುಟುಕು ಕುಡಿದರು.

"ಗೊತ್ತು," ಎಂದರು.

"ಏನು ಸಾರ್?"

"ಮೆಟ್ಟಿಲ ಹತ್ರ ಬಂದಾಗ್ಲೇ ಗೊತ್ತಾಯ್ತು. ಬಂದರಿನ ಬುರುಡೆ ಯಾವ್ದು, ಶತ್ರುವಿನ ಗುಂಡು ಯಾವ್ದು ಅಂತ ತಿಳೀದೆ ಹದಿನಾರು ವರ್ಷ ಬದುಕಿದೀನಾ? ನಮ್ಮ ಎರಕದವರ ಮುದ್ರೆ ಮುಚ್ಚಳದ ಮೇಲೇ ಇತ್ತು."

"ಮತ್ತೆ... ಅಡ್ಮಿರಲ್ ಮುಂದೆ ಹಾಗೆ..."

ಕ್ಯಾಪ್ಟನ್ ಗೂಟಗಳ ಕಡೆ ಕೈ ತೋರಿಸಿದರು. "ನನಗೆ ಹನ್ನೆರಡು ಜನ ಬೇಕು. ಇರೋದು ಏಳು. ಬನ್ನಿ ಬನ್ನಿ ಅಂತ ಎರಡು ವರ್ಷ ಕರೆದೆ, ಒಬ್ಬನಾದ್ರೂ ಬಂದ್ನಾ? ಆ ಮೂಲೇಲಿ ಕೂತಿದಾನಲ್ಲ, ಅವನು ಹಡಗಿನ ಅಡುಗೆಯವನು. ಅಧಿಕಾರಿ ಹೆಂಡತಿಯ ನಾಯಿ ಕಳೆದುಹಾಕಿದ್ದ. ಪಕ್ಕದವನು ರಜೆ ಚೀಟಿಗೆ ತಾನೇ ರುಜು ಹಾಕ್ಕೊಂಡಿದ್ದ. ಎಲ್ಲರದ್ದೂ ಒಂದೊಂದು ಕತೆ ಇದೆ. ನಿಂದು ಸ್ವಲ್ಪ ಉದ್ದ, ಅಷ್ಟೇ."

ಮೂಲೆಯಲ್ಲಿದ್ದವನು ತಲೆಯೆತ್ತಿ ನಕ್ಕ. ಅವನಿಗೆ ಹುಬ್ಬಿರಲಿಲ್ಲ.

"ನಾನು ಜೈಲಿಗೆ ಹೋಗ್ತೀನಿ ಸಾರ್! ಈಗ್ಲೇ ಬರ್ಕೊಡ್ತೀನಿ, ವರದಿ ಸುಳ್ಳು ಅಂತ!"

"ಬರ್ಕೊಡು. ಆದ್ರೆ ಕೊಡಬೇಕಾದ್ದು ಮೇಲಧಿಕಾರಿ ಕೈಗೆ." ಕ್ಯಾಪ್ಟನ್ ಕೈಚಾಚಿದರು. "ಈಗ ನಿನ್ನ ಮೇಲಧಿಕಾರಿ ನಾನು. ಜೋಪಾನವಾಗಿಡ್ತೀನಿ. ನೀನು ಇಲ್ಲಿಂದ ಓಡಿಹೋದ ದಿನ ತೆಗೀತೀನಿ."

ಟಿಕೆಟ್ಟಣ್ಣ ನಿಧಾನವಾಗಿ ಕುಳಿತ. ಚಹಾ ಆರಿತ್ತು. ಆದರೂ ಕುಡಿದ, ಯಾಕೆಂದರೆ ಬೇರೇನು ಮಾಡುವುದೆಂದು ತೋಚಲಿಲ್ಲ. ಹೊರಗೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತಿತು. ನಾಲ್ಕು ಜನ ಬಹಳ ಮೆತ್ತಗೆ ಏನನ್ನೋ ಇಳಿಸತೊಡಗಿದರು.

"ಸಾರ್," ಎಂದ ಕೊನೆಗೆ, "ಒಂದು ಮಾತು. ಒಳಗೆ ತುಂಬಿದೆಯೋ ಖಾಲಿಯೋ ಅಂತ ತಿಳಿಯೋದು ಹೇಗೆ?"

ಕ್ಯಾಪ್ಟನ್ ಎದ್ದು, ಗೋಡೆಯಿಂದ ಸ್ಪ್ಯಾನರ್ ತೆಗೆದು ಅವನ ಕೈಗಿಟ್ಟರು.

"ಬಿಚ್ಚಿದ್ರೆ ತಿಳಿಯುತ್ತೆ," ಎಂದರು.